ಸಣ್ಣ ರಾಜ್ಯದ ಮೊದಲ ಹತ್ತು ವರ್ಷ

ನಕ್ಷೆಯಲ್ಲಿ ಬೈಜಾಂಟಿಯಮ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಕಪ್ಪು ಸಮುದ್ರದಿಂದ ಏಜಿಯನ್ ಕಡೆಗೆ ಇಳಿದು ಬರುವ ಕಿರಿದಾದ ನೀರಿನ ಹಾದಿಯ ಪಕ್ಕದಲ್ಲಿ ಒಂದು ನೇರಳೆ ಚುಕ್ಕೆ, ದೂರ ದಕ್ಷಿಣದಲ್ಲಿ ಗ್ರೀಸಿನ ತುದಿಗೆ ಅಂಟಿಕೊಂಡ ಇನ್ನೊಂದು ತುಂಡು. ನಡುವೆಯೂ ಆಚೆಗೂ ಈಚೆಗೂ ಒಟ್ಟೊಮನ್ನರ ಹಸಿರು. ಒಂದು ಕಾಲಕ್ಕೆ ಮೆಡಿಟರೇನಿಯನ್ ಸುತ್ತ ಹರಡಿದ್ದ ಸಾಮ್ರಾಜ್ಯದಲ್ಲಿ ಈಗ ಉಳಿದಿರುವುದು ಕಾನ್‌ಸ್ಟಾಂಟಿನೋಪಲ್ ನಗರ, ಮೊರಿಯಾ ಸೀಮೆ, ಸಾಮಂತನಾಗಿ ಅಥೆನ್ಸ್, ಇಷ್ಟೇ. ತಾರೀಖು 1444ರ ನವೆಂಬರ್ 11. ಹಿಂದಿನ ದಿನವಷ್ಟೇ ವಾರ್ನಾದಲ್ಲಿ ಯುದ್ಧ ಮುಗಿದಿದೆ. ಪೋಲೆಂಡ್ ಮತ್ತು ಹಂಗೆರಿ ಎರಡಕ್ಕೂ ರಾಜನಾಗಿದ್ದ, ಇಪ್ಪತ್ತು ವರ್ಷದ ವ್ಲಾಡಿಸ್ಲಾವ್ ರಣರಂಗದಲ್ಲೇ ಸತ್ತಿದ್ದಾನೆ. ಸುಲ್ತಾನ ಎರಡನೆಯ ಮುರಾದ್ ಗೆದ್ದಿದ್ದಾನೆ. ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಆಟ ಶುರುವಾಗುವುದು ಈ ಬೆಳಿಗ್ಗೆ. ಮುಗಿಯುವುದು 1821ರಲ್ಲಿ.

ಆ ಮುನ್ನೂರ ಎಪ್ಪತ್ತಾರು ವರ್ಷಗಳಲ್ಲಿ ನನಗೆ ಬೇಕಾದದ್ದು ಮೊದಲ ಹತ್ತು ಮಾತ್ರ. ಅದೂ ‘ವೆರಿ ಹಾರ್ಡ್’ ಎಂಬ ಅತಿ ಕಠಿಣ ಹಂತದಲ್ಲಿ. ಆ ಹಂತದಲ್ಲಿ ಕಂಪ್ಯೂಟರ್ ನಡೆಸುವ ರಾಜ್ಯಗಳಿಗೆ ಹೆಚ್ಚಿನ ಅನುಕೂಲಗಳಿವೆ. ನಮಗೆ ಏನೂ ಇಲ್ಲ. ರಾಜ್ಯ ದೊಡ್ಡದಾದ ಮೇಲಿನ ಆಟ ಲೆಕ್ಕಪತ್ರದ ಕೆಲಸ. ಸೈನ್ಯ ಬೇಕಾದಷ್ಟಿರುತ್ತದೆ, ಬೊಕ್ಕಸ ತುಂಬಿರುತ್ತದೆ, ತಪ್ಪು ಹೆಜ್ಜೆ ಇಟ್ಟರೂ ಯಾರೂ ಏನೂ ಮಾಡುವಂತಿಲ್ಲ. ಮೊದಲ ಹತ್ತು ವರ್ಷ ಹಾಗಲ್ಲ. ಅಲ್ಲಿ ಒಂದು ಹಡಗಿನ ಖರ್ಚೂ ಯೋಚನೆಗೆ ಬರುತ್ತದೆ. ಪಕ್ಕದ ದೊರೆಯ ವಯಸ್ಸು ಎಷ್ಟಾಯಿತು ಎಂದು ನೋಡುತ್ತೇವೆ. ನಮ್ಮ ನೆಲದಲ್ಲಿ ಗುಡ್ಡ ಎಲ್ಲಿದೆ, ನದಿ ಎಲ್ಲಿದೆ ಎಂದು ತಿಳಿದಿರಬೇಕಾಗುತ್ತದೆ. ಈ ಆಟದಲ್ಲಿ ಇತಿಹಾಸ ನಿಜವಾಗಿ ಇರುವುದು ಅಲ್ಲಿ ಎಂದು ನನ್ನ ನಂಬಿಕೆ.

ಆಟ ತೆರೆದಾಗ ಕಾಲ ನಿಂತೇ ಇರುತ್ತದೆ. ಸ್ಪೇಸ್ ಬಾರ್ ಒತ್ತಿದರೆ ಮಾತ್ರ ದಿನಗಳು ಓಡುತ್ತವೆ. ನನಗೆ ಅತ್ಯಂತ ಪ್ರಿಯವಾದದ್ದು ಆ ನಿಂತ ಹೊತ್ತು. ಒಂದೊಂದೇ ರಾಜ್ಯವನ್ನು ಒತ್ತಿ ನೋಡುವುದು: ಇವನಿಗೆ ಯಾರ ಮೇಲೆ ದ್ವೇಷ, ಅವನು ಯಾರನ್ನು ವೈರಿಯೆಂದು ಘೋಷಿಸಿದ್ದಾನೆ, ಯಾರ ಬಳಿ ಎಷ್ಟು ಸಾವಿರ ಜನ. ಪ್ರತಿ ರಾಜ್ಯವೂ ಮೂವರನ್ನು ವೈರಿಗಳಾಗಿ ಆರಿಸಿಕೊಳ್ಳಬಹುದು. ವೈರಿಯ ವೈರಿಗೆ ನಮ್ಮ ಮೇಲೆ ತಾನಾಗಿ ಒಲವು ಬರುತ್ತದೆ. ಆಮೇಲೆ ಬೊಕ್ಕಸ. ಸೈನ್ಯದ ವೆಚ್ಚವನ್ನು ಶಾಂತಿಕಾಲದಲ್ಲಿ ತಗ್ಗಿಸಬಹುದು, ಆದರೆ ತಗ್ಗಿಸಿದಷ್ಟೂ ಸೈನಿಕರ ಸ್ಥೈರ್ಯ ಕುಸಿಯುತ್ತದೆ. ಮತ್ತೆ ಏರಿಸಿದಾಗ ಅದು ಒಂದೇ ದಿನಕ್ಕೆ ತುಂಬಿಕೊಳ್ಳುವುದಿಲ್ಲ, ತಿಂಗಳುಗಳೇ ಬೇಕು. ಒಟ್ಟೊಮನ್ನರು ಯಾವ ತಿಂಗಳು ಬರುತ್ತಾರೆ ಎಂದು ಅಂದಾಜಿಲ್ಲದವನಿಗೆ ಆ ಉಳಿತಾಯ ಕತ್ತಿಯ ಅಲಗು. ಸಾಲವೂ ಸಿಗುತ್ತದೆ, ಐದು ವರ್ಷದ ಅವಧಿಗೆ. ಸಣ್ಣ ರಾಜ್ಯ ಸಾಲಕ್ಕೆ ಅಂಜಬಾರದು. ಬದುಕಿ ಉಳಿದರೆ ಸಾಲ ತೀರುತ್ತದೆ. ಉಳಿಯದಿದ್ದರೆ ಬೊಕ್ಕಸದಲ್ಲಿ ಉಳಿಸಿದ್ದು ಗೆದ್ದವನ ಪಾಲು.

ಮೈತ್ರಿಯ ವಿಷಯ ಇನ್ನೂ ಸೂಕ್ಷ್ಮ. ಕಂಪ್ಯೂಟರ್ ದಾಳಿ ಮಾಡುವ ಮುನ್ನ ನಮ್ಮೊಬ್ಬರ ಬಲವನ್ನಲ್ಲ, ನಮ್ಮ ಬೆನ್ನಿಗೆ ನಿಲ್ಲುವವರೆಲ್ಲರ ಬಲವನ್ನೂ ಕೂಡಿಸಿ ನೋಡುತ್ತದೆ. ಆದ್ದರಿಂದ ಮೊದಲ ದಿನವೇ ರಾಯಭಾರಿಗಳು ಹೊರಡಬೇಕು. ಆಲ್ಬೇನಿಯಾ ತೀರ ಸಣ್ಣ ರಾಜ್ಯ, ಆದರೆ ಅಲ್ಲಿರುವವನು ಸ್ಕಂದರ್‌ಬೆಗ್. 1444ರ ಮಾರ್ಚ್‌ನಲ್ಲಿ ಲೆಜೆ ಎಂಬಲ್ಲಿ ಪಾಳೆಯಗಾರರನ್ನೆಲ್ಲ ಒಂದುಗೂಡಿಸಿ ಒಟ್ಟೊಮನ್ನರ ವಿರುದ್ಧ ನಿಂತವನು. ಆಟದಲ್ಲೂ ಅವನ ಸೇನಾಧಿಪತ್ಯಕ್ಕೆ ಆ ತೂಕವಿದೆ. ಸರ್ಬಿಯಾ ಇದೆ. ಹಂಗೆರಿ ಒಪ್ಪಿದರೆ ಅರ್ಧ ಜೀವ ಬಂದಂತೆ, ಆದರೆ ಹಂಗೆರಿ ಸುಲಭಕ್ಕೆ ಒಪ್ಪುವುದಿಲ್ಲ. ದಿವಾಳಿಯೆದ್ದ ಮುದಿ ಸಾಮ್ರಾಜ್ಯವೊಂದಕ್ಕಾಗಿ ಯಾರು ತಾನೆ ರಕ್ತ ಹರಿಸುತ್ತಾರೆ? ಚಕ್ರವರ್ತಿ ಎಂಟನೆಯ ಜಾನ್ ಪಾಲಿಯೊಲೊಗಸ್ ಈ ಪ್ರಶ್ನೆಯನ್ನೇ ಹೊತ್ತು ಇಟಲಿಗೆ ಹೋಗಿದ್ದ. 1439ರಲ್ಲಿ ಫ್ಲಾರೆನ್ಸಿನ ಸಭೆಯಲ್ಲಿ ಪೋಪನ ಹಿರಿತನವನ್ನು ಒಪ್ಪಿ, ಎರಡು ಚರ್ಚುಗಳು ಒಂದಾದವೆಂದು ಸಹಿ ಹಾಕಿ ಬಂದ. ಊರಿನ ಜನ ಅದನ್ನು ಒಪ್ಪಲಿಲ್ಲ. ನೆರವು ಬೇಕಿದ್ದವನು ಏನನ್ನು ಕೊಡಬೇಕಾಗುತ್ತದೆ, ಕೊಟ್ಟ ಮೇಲೂ ಎಷ್ಟು ಸಿಗುತ್ತದೆ ಎಂಬುದನ್ನು ನಾನು ಪಠ್ಯಪುಸ್ತಕದಲ್ಲಿ ಓದಿದ್ದೆ. ಪರದೆಯ ಮೇಲೆ ಹಂಗೆರಿಯ ಹೆಸರಿನ ಮುಂದೆ ‘ಇಲ್ಲ’ ಎಂಬ ಉತ್ತರ ಮೂಡಿ, ಒಪ್ಪಿಗೆಗೆ ಇನ್ನೆಷ್ಟು ಅಂಕ ಸಾಲದು ಎಂದು ಲೆಕ್ಕ ಹಾಕುತ್ತ ಕೂತಾಗ ಜಾನ್‌ನ ಸಂಕಟ ಮನಸ್ಸಿಗೆ ನಾಟಿತು.

ಕಲ್ಲುಮಂಟಪಗಳ ಹಾಸಿನ ಮೇಲೆ ಗೆರೆ ಕೊರೆದು ಆಡುವ ಆಡು–ಹುಲಿ ಆಟ ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಮೂರು ಹುಲಿ, ಹದಿನೈದು ಆಡು. ಆಡುಗಳು ಒಂದೊಂದಾಗಿ ಮಣೆಗೆ ಬರುತ್ತವೆ, ಮೊದಲ ಕೆಲವು ಆಡುಗಳು ಬರುವಾಗಲೇ ಹುಲಿಗೆ ಹಾರಲು ಜಾಗ ಹೆಚ್ಚು. ಬಲ್ಲವರು ಆಗ ಹುಲಿಯನ್ನು ಕಟ್ಟಲು ಹೋಗುವುದಿಲ್ಲ. ಆಡಿನ ಬೆನ್ನ ಹಿಂದಿನ ಮನೆ ಖಾಲಿ ಇಲ್ಲದ ಹಾಗೆ ಅಂಚಿನಲ್ಲಿ ಒತ್ತಿ ಒತ್ತಿ ಇಡುತ್ತಾರೆ. ಬೈಜಾಂಟಿಯಮ್‌ಗೆ ಆಲ್ಬೇನಿಯಾ, ಸರ್ಬಿಯಾಗಳು ಬೇಕಾಗುವುದು ಇದೇ ಕಾರಣಕ್ಕೆ.

ಇನ್ನು ಜಲಸಂಧಿ. ಈ ಆಟದ ಕಠಿಣ ಆರಂಭಗಳಲ್ಲೆಲ್ಲ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮರ್ಮರಾ ಕಡಲಿಗೆ. ಒಟ್ಟೊಮನ್ನರ ನೆಲ ಎರಡು ಹೋಳು: ಅರ್ಧ ಯುರೋಪಿನಲ್ಲಿ, ಅರ್ಧ ಅನಟೋಲಿಯಾದಲ್ಲಿ. ನಡುವೆ ಮರ್ಮರಾ. ಅದರ ಒಂದು ಬಾಯಿ ಬಾಸ್ಫರಸ್, ಅಲ್ಲಿ ಕಾನ್‌ಸ್ಟಾಂಟಿನೋಪಲ್. ಇನ್ನೊಂದು ಬಾಯಿ ಡಾರ್ಡನೆಲ್ಸ್, ಅಲ್ಲಿ ಗ್ಯಾಲಿಪೋಲಿ. ದಾಟುವವನ ಶತ್ರುವಿನ ನೌಕಾಪಡೆ ನಡುನೀರಲ್ಲಿ ನಿಂತು, ಒಂದು ದಡವಾದರೂ ಆ ಶತ್ರುವಿನ ಕೈಯಲ್ಲಿದ್ದರೆ ಕಾಲಾಳು ದಾಟುವಂತಿಲ್ಲ. ಅಂದರೆ ನೆಲದ ಮೇಲೆ ಎಂದೂ ಸೋಲಿಸಲಾಗದ ಸೈನ್ಯವನ್ನು ನೀರಿನ ಆಚೆ ನಿಲ್ಲಿಸಿಬಿಡಬಹುದು.

ಹೀಗಾಗಿ ಮೊದಲ ವರ್ಷಗಳ ದುಡ್ಡೆಲ್ಲ ಗ್ಯಾಲಿಗಳಿಗೆ. ಇವು ಹುಟ್ಟು ಹಾಕಿ ನಡೆಸುವ ಯುದ್ಧನೌಕೆಗಳು. ಅಗ್ಗ, ಮೆಡಿಟರೇನಿಯನ್‌ನಂಥ ಒಳಗಡಲಿನಲ್ಲಿ ಬಲು ಗಟ್ಟಿ. ಕಟ್ಟುತ್ತ ಕಾಯಬೇಕು. ಒಟ್ಟೊಮನ್ ಸುಲ್ತಾನನಿಗೆ ಪೂರ್ವದಲ್ಲೂ ವೈರಿಗಳಿದ್ದಾರೆ. ಕೊನ್ಯಾದ ಕಡೆಯ ಕರಮಾನರು, ಕಪ್ಪು ಸಮುದ್ರದ ದಂಡೆಯ ಜಾಂದಾರರು. ಅವನು ಅತ್ತ ದಂಡು ತಿರುಗಿಸಿದ್ದು ಕಾಣುತ್ತದೆ. ಸಣ್ಣ ಸೈನಿಕ ಗೊಂಬೆಗಳು ಒಂದೊಂದಾಗಿ ಡಾರ್ಡನೆಲ್ಸ್ ದಾಟಿ, ಬುರ್ಸಾ ದಾಟಿ, ಅಂಕಾರಾದ ಕಡೆ ಸರಿಯುತ್ತವೆ. ಕಡೆಯ ದಂಡು ಗುಡ್ಡಗಾಡಿನೊಳಗೆ ಹೋಗುವವರೆಗೂ ಕಾಯಬೇಕು. ಅವಸರ ಮಾಡಿ ಒಂದು ದಂಡು ಈಚೆಯೇ ಉಳಿದಿರುವಾಗ ಯುದ್ಧ ಸಾರಿದವನ ಕಥೆ ಅಲ್ಲಿಗೆ ಮುಗಿಯಿತು.

ಸಾರಿದ ದಿನವೇ ಗ್ಯಾಲಿಗಳೆಲ್ಲ ಮರ್ಮರಾಕ್ಕೆ, ಬಾಡಿಗೆ ಸೈನಿಕರ ದಂಡು ಗ್ಯಾಲಿಪೋಲಿಗೆ. ಗ್ಯಾಲಿಪೋಲಿ ಕೈಗೆ ಬಂದ ಕೂಡಲೇ ಎರಡನೆಯ ಬಾಯಿಯೂ ಮುಚ್ಚಿತು. ಆಮೇಲೆ ಒಟ್ಟೊಮನ್ನರ ಎಡಿರ್ನೆಗೆ ಮುತ್ತಿಗೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ದಾಳ ಬೀಳುತ್ತದೆ. ಒಮ್ಮೆ ಕೋಟೆಯೊಳಗೆ ಆಹಾರ ಸಾಲದು ಎಂಬ ಸುದ್ದಿ, ಇನ್ನೊಮ್ಮೆ ನೀರು ಸಾಲದು ಎಂದು, ಮತ್ತೊಮ್ಮೆ ನಮ್ಮದೇ ಪಾಳೆಯದಲ್ಲಿ ರೋಗ. ಅಷ್ಟರಲ್ಲಿ ಪೂರ್ವದಿಂದ ಸುಲ್ತಾನನ ದೊಡ್ಡ ದಂಡು ಮರಳಿ ಬಂದು ಅನಟೋಲಿಯಾದ ದಡದಲ್ಲಿ ನಿಂತಿರುತ್ತದೆ. ದಾಟಲಾಗದೆ ದಡದುದ್ದಕ್ಕೂ ಆ ಸೀಮೆಯಿಂದ ಈ ಸೀಮೆಗೆ, ಈ ಸೀಮೆಯಿಂದ ಆ ಸೀಮೆಗೆ ಓಡಾಡುತ್ತದೆ. ನಡುವೆ ನಮ್ಮ ಮಂದ ಬಡಕಲು ಗ್ಯಾಲಿಗಳು. ಅವುಗಳ ಹಲಗೆ ಎಷ್ಟು ಸವೆದಿದೆ ಎಂಬುದು ಶೇಕಡಾ ಲೆಕ್ಕದಲ್ಲಿ ಕಾಣುತ್ತಿರುತ್ತದೆ; ದುರಸ್ತಿಗೆ ಬಂದರಿಗೆ ಕರೆದೊಯ್ದರೆ ಬಾಗಿಲು ತೆರೆದಂತೆ. ಆ ಹೊತ್ತಿನ ಎದೆಬಡಿತವನ್ನು ನನಗೆ ಬೇರಾವ ಆಟವೂ ಕೊಟ್ಟಿಲ್ಲ.

ಮೈ ಜುಮ್ಮೆನ್ನಿಸುವ ಸಂಗತಿ ಇನ್ನೊಂದಿದೆ. ಈ ಉಪಾಯವನ್ನು ಆಟಗಾರರು ಕಂಡುಹಿಡಿದದ್ದಲ್ಲ. ವಾರ್ನಾ ದಂಡಯಾತ್ರೆಯ ಯೋಜನೆಯೇ ಇದಾಗಿತ್ತು. ಮುರಾದ್ ಅನಟೋಲಿಯಾದಲ್ಲಿರುವಾಗ ಪೋಪ್, ವೆನಿಸ್, ಬರ್ಗಂಡಿಗಳ ಹಡಗುಗಳು ಜಲಸಂಧಿ ಕಾಯುವುದು. ಅತ್ತ ಹಂಗೆರಿಯ ದಂಡು ಬಾಲ್ಕನ್ ಗೆಲ್ಲುವುದು. 1444ರ ಅಕ್ಟೋಬರ್‌ನಲ್ಲಿ ಮುರಾದ್ ದಡದಲ್ಲಿ ಫಿರಂಗಿಗಳನ್ನಿಟ್ಟು, ಹಡಗುಗಳು ಹತ್ತಿರ ಬಾರದಂತೆ ಮಾಡಿ, ಬಾಸ್ಫರಸ್ ದಾಟಿಯೇಬಿಟ್ಟ. ಕೆಲವೇ ವಾರಗಳಲ್ಲಿ ವಾರ್ನಾ ಯುದ್ಧ. ಅಂದರೆ ಆಟದ ಮೊದಲ ದಿನ ನಮ್ಮ ಕೈಗೆ ಬರುವುದು ಆಗಷ್ಟೇ ಸೋತ ಉಪಾಯ. ಅದನ್ನೇ ಇನ್ನೊಮ್ಮೆ, ಇನ್ನಷ್ಟು ಕಡಿಮೆ ಬಲದಲ್ಲಿ ಪ್ರಯತ್ನಿಸುತ್ತಿದ್ದೇವೆ. ಮುರಾದನ ಮಗ ಎರಡನೆಯ ಮೆಹ್ಮದ್ ಅದೇ ಪಾಠವನ್ನು ತಿರುಗಿಸಿ ಕಲಿತ. 1452ರಲ್ಲಿ ಬಾಸ್ಫರಸ್‌ನ ಯುರೋಪ್ ದಡದಲ್ಲಿ ರುಮೇಲಿ ಹಿಸಾರ್ ಕೋಟೆ ಕಟ್ಟಿ ನೀರನ್ನು ತಾನೇ ಮುಚ್ಚಿದ. ಮರುವರ್ಷ ಗೋಲ್ಡನ್ ಹಾರ್ನ್ ಕೊಲ್ಲಿಗೆ ಅಡ್ಡ ಕಟ್ಟಿದ್ದ ಸರಪಳಿಯನ್ನು ಮುರಿಯಲಾಗದೆ, ಏಪ್ರಿಲ್ 22ರಂದು ಹಡಗುಗಳನ್ನು ನೆಲದ ಮೇಲೆ ಎಳೆಸಿ ಒಳಗಿಳಿಸಿದ. ಸುಮಾರು 7,000 ಜನ ಕಾಯುತ್ತಿದ್ದ ಗೋಡೆ ಮೇ 29ರಂದು ಬಿತ್ತು.

ಗೆದ್ದ ಮೇಲಿನ ಸಂಯಮವೂ ಕಠಿಣ ಆಟದ ಭಾಗವೇ. ಒಂದೇ ಯುದ್ಧದಲ್ಲಿ ಎಲ್ಲ ನುಂಗಲು ಹೊರಟರೆ ಅಕ್ಕಪಕ್ಕದವರ ಅಸಮಾಧಾನ ಬೆಳೆಯುತ್ತದೆ. ಅದು 50 ದಾಟಿದವರು ಒಂದಾಗಿ ನಮ್ಮ ವಿರುದ್ಧ ಕೂಟ ಕಟ್ಟಬಹುದು. ಹಿಂದೆ ನಮ್ಮದೇ ಆಗಿದ್ದ ಸೀಮೆಗಳನ್ನು ಮರಳಿ ಪಡೆದರೆ ಈ ಅಸಮಾಧಾನ ಕಡಿಮೆ. ಹಾಗಾಗಿ ಗ್ರೀಕ್ ಸೀಮೆಗಳನ್ನು, ಒಂದಿಷ್ಟು ಯುದ್ಧಪರಿಹಾರದ ಹಣವನ್ನು ಪಡೆದು ಕೂರುವುದು ಲೇಸು. ಒಪ್ಪಂದದ ಷರತ್ತು ಎಷ್ಟು ಭಾರವೋ ಕದನವಿರಾಮ ಅಷ್ಟು ಉದ್ದ, ಐದರಿಂದ ಹದಿನೈದು ವರ್ಷ. ಆ ವರ್ಷಗಳು ಸಾಲ ತೀರಿಸಲು, ಗ್ಯಾಲಿಗಳನ್ನು ದುರಸ್ತಿ ಮಾಡಲು.

ಕೂಟದ ಮಾತು ಬಂದಾಗ ಕನ್ನಡಿಗನ ಕಣ್ಣು ನಕ್ಷೆಯ ಕೆಳಗೆ, ಬಲಕ್ಕೆ ಜಾರದೆ ಇರುವುದಿಲ್ಲ. ಅದೇ 1444ರಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯನಗರವಿದೆ, ಗದ್ದುಗೆಯ ಮೇಲೆ ಇಮ್ಮಡಿ ದೇವರಾಯ. ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ನಗರವನ್ನು ಕಂಡು ಬೆರಗಾದದ್ದು ಹಿಂದಿನ ವರ್ಷ, 1443ರಲ್ಲಿ. ಆಟದಲ್ಲಿ ವಿಜಯನಗರ ಬೈಜಾಂಟಿಯಮ್‌ನಷ್ಟು ದೀನ ಸ್ಥಿತಿಯಲ್ಲಿಲ್ಲ. ಆದರೂ ಕಠಿಣ ಹಂತದಲ್ಲಿ ಉತ್ತರದ ಬಹಮನಿಗಳೂ ಈಶಾನ್ಯದ ಗಜಪತಿಗಳೂ ಒಟ್ಟಿಗೆ ಬಂದರೆ ರಾಯಚೂರು ದೋಆಬ್ ಉಳಿಸಿಕೊಳ್ಳುವುದೇ ಕಷ್ಟ. ಇತಿಹಾಸದಲ್ಲಿ ದೇವರಾಯ 1446ರಲ್ಲಿ ತೀರಿಕೊಂಡ, ಮುಂದೆ ಬಂದ ಸಂಗಮ ಅರಸರ ಕೈಯಿಂದ ಗಜಪತಿ ಕಪಿಲೇಂದ್ರ ಕರಾವಳಿಯನ್ನು ಕಿತ್ತುಕೊಂಡ. ಅಂದರೆ ಆಟ ನಮ್ಮ ಕೈಗೆ ರಾಜ್ಯವನ್ನು ಕೊಡುವುದು ಇಳಿಜಾರಿನ ಅಂಚಿನಲ್ಲಿ.

ಬಿಜಾಪುರದಲ್ಲಿ ಕೂತು ಬರೆದ ಇತಿಹಾಸಕಾರ ಫೆರಿಷ್ತಾ ದೇವರಾಯನ ಬಗ್ಗೆ ಹೇಳುವ ಒಂದು ಸಂಗತಿ ನನಗೆ ಬಹಳ ಇಷ್ಟ. ಜನ, ಹಣ, ನೆಲ ಎಲ್ಲದರಲ್ಲೂ ತಾನು ಮೇಲಿದ್ದರೂ ಬಹಮನಿಗಳೇ ಗೆಲ್ಲುವುದೇಕೆ ಎಂದು ದೊರೆ ಸಭೆ ಕರೆದು ಕೇಳಿದನಂತೆ. ಅವರ ಕುದುರೆಗಳು ಗಟ್ಟಿ, ಅವರ ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತು. ದೇವರಾಯ ಮುಸಲ್ಮಾನ ಸೈನಿಕರನ್ನು ಸೇರಿಸಿಕೊಂಡ, ಅವರಿಗೆ ಜಾಗೀರು ಕೊಟ್ಟ, ಅವರು ಮುಜುಗರವಿಲ್ಲದೆ ವಂದಿಸುವಂತೆ ಸಿಂಹಾಸನದ ಮುಂದೆ ಕುರಾನ್ ಇರಿಸಿದ, ತನ್ನವರಿಗೆ ಬಿಲ್ವಿದ್ಯೆ ಕಲಿಸಲು ಅವರನ್ನು ನೇಮಿಸಿದ. ಫೆರಿಷ್ತಾ ಕೊಡುವ ಲೆಕ್ಕದಲ್ಲಿ 2,000 ಮುಸಲ್ಮಾನ ಬಿಲ್ಲುಗಾರರು, 60,000 ಹಿಂದೂ ಬಿಲ್ಲುಗಾರರು. ಸಂಖ್ಯೆ ಹೇಗೇ ಇರಲಿ, ಸೋಲಿನ ಕಾರಣವನ್ನು ದೊರೆ ವಿಧಿಯ ಮೇಲೆ ಹಾಕಲಿಲ್ಲ, ಶತ್ರುವಿನ ಸೈನ್ಯವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದ. ಕಾಲವನ್ನು ನಿಲ್ಲಿಸಿಕೊಂಡು ಆಟಗಾರ ಮಾಡುವುದೂ ಅದನ್ನೇ: ಅವನ ತುಕಡಿಯಲ್ಲಿ ಕುದುರೆ ಎಷ್ಟು, ಅವನ ಸ್ಥೈರ್ಯ ನಮಗಿಂತ ಎಷ್ಟು ಹೆಚ್ಚು, ಗುಡ್ಡದ ಮೇಲೆ ನಿಂತು ಕಾದರೆ ಆ ಅಂತರ ತುಂಬೀತೇ? ಬೆಟ್ಟ ಹತ್ತಿ ಬರುವವನ ದಾಳದಿಂದ 2 ಕಳೆಯುತ್ತಾರೆ, ನದಿ ದಾಟಿ ಬರುವವನಿಂದ 1. ತುಂಗಭದ್ರೆ, ಕೃಷ್ಣೆಗಳು ಸುಮ್ಮನೆ ನೀಲಿ ಗೆರೆಗಳಲ್ಲ ಎಂದು ಆಗ ಗೊತ್ತಾಗುತ್ತದೆ. 1565ರಲ್ಲಿ ದಖನ್ನಿನ ಸುಲ್ತಾನರು ತಮ್ಮತಮ್ಮ ಜಗಳ ಬಿಟ್ಟು ವಿಜಯನಗರದ ರಾಮರಾಯನ ವಿರುದ್ಧ ಒಂದಾದದ್ದು ಏಕೆ ಎಂಬುದಕ್ಕೂ, ಕೂಟದ ಎದುರು ಒಮ್ಮೆ ನಿಂತವನಿಗೆ ದೊಡ್ಡ ವಿವರಣೆ ಬೇಕಿಲ್ಲ.

ನಾನು ‘ಐರನ್‌ಮ್ಯಾನ್’ ಎಂಬ ಕ್ರಮದಲ್ಲೇ ಆಡುವುದು. ಅದರಲ್ಲಿ ಸೇವ್ ಫೈಲ್ ಒಂದೇ. ಕೆಟ್ಟದ್ದು ನಡೆದರೆ ಹಿಂದಿನ ತಿಂಗಳಿಗೆ ಮರಳಿ ಇನ್ನೊಂದು ಸಲ ದಾಳ ಎಸೆಯುವಂತಿಲ್ಲ. ಮೊದಮೊದಲು ಆಡುವವರು ಹಿಂದೆ ಹೋಗಿ ಕಲಿಯಲಿ, ತಪ್ಪೇನಿಲ್ಲ. ಆದರೆ ಕಠಿಣ ಹಂತದ ರುಚಿ ಹತ್ತುವುದು ಹಿಂದಿರುಗುವ ದಾರಿ ಇಲ್ಲದಾಗ. ಕಾನ್‌ಸ್ಟಾಂಟಿನೋಪಲ್ ಬಿದ್ದರೂ ಮೊರಿಯಾದಲ್ಲಿ ಉಳಿದು, ಇನ್ನೊಂದು ತಲೆಮಾರು ಕಾದು, ಮತ್ತೆ ಗ್ಯಾಲಿ ಕಟ್ಟುವ ಆಟಗಳೂ ಇವೆ. ನನ್ನ ಲೆಕ್ಕದಲ್ಲಿ ಇಡೀ ಯುರೋಪ್ ಗೆದ್ದ ಆಟಕ್ಕಿಂತ ಅವು ಮೇಲು.

ಇತಿಹಾಸ ಪ್ರೀತಿಸುವ, ಕಂಪ್ಯೂಟರ್ ಆಟವೆಂದರೆ ಮಕ್ಕಳ ಹುಚ್ಚು ಎಂದು ದೂರ ಇಟ್ಟಿರುವ ಓದುಗರಿಗೆ ನನ್ನದೊಂದು ಕೋರಿಕೆ. ಆಡುವುದಾದರೆ ಗೆಲ್ಲುವ ಕಡೆಯನ್ನು ಆರಿಸಬೇಡಿ. ಬೈಜಾಂಟಿಯಮ್ ಆರಿಸಿ, ಇಲ್ಲವೇ ವಿಜಯನಗರ. ಆ ವರ್ಷಗಳ ಬಗ್ಗೆ ಒಂದು ಪುಸ್ತಕ ಪಕ್ಕದಲ್ಲಿರಲಿ. ವೆರಿ ಹಾರ್ಡ್ ಎಂಬ ಹೆಸರಿಗೆ ಹೆದರಬೇಡಿ. ಮೊದಲ ಸಂಜೆ ಪೂರ್ತಿ ನಕ್ಷೆ ನೋಡುವುದರಲ್ಲೇ ಕಳೆದರೂ ಸರಿ. ಒಟ್ಟೊಮನ್ನರನ್ನು ಆಮೇಲೆ ಯಾವಾಗ ಬೇಕಾದರೂ ಆಡಬಹುದು.