ಐಸಿಯುವಿನಿಂದ ಕಣಕುಂಬಿಯವರೆಗೆ

"ಫ್ಲ್ಯಾಗ್ ಆತು ನೋಡ್ರಿ," ಅಂದರು ಟೆಕ್ನೀಷಿಯನ್. ಬೆಳಗಾವಿಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬು ಅದು. ಯಂತ್ರದೊಳಗೆ ಬ್ಲಡ್ ಕಲ್ಚರ್ ಬಾಟಲಿಗಳು ಸಾಲಾಗಿ ಮಲಗಿ ಮೆಲ್ಲಗೆ ತೂಗುತ್ತಿದ್ದವು. ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಬಾಟಲಿಯ ಪೋಷಕ ದ್ರವದಲ್ಲಿ ಅದು ಬೆಳೆದು ಉಸಿರು ಬಿಡುತ್ತದೆ. ಆ ಇಂಗಾಲದ ಡೈಆಕ್ಸೈಡಿಗೆ ತಳದ ಹಸಿರು ಬಿಲ್ಲೆ ಹಳದಿಗೆ ತಿರುಗುತ್ತದೆ. ಅವರು ತೆಗೆದು ತೋರಿಸಿದ ಬಾಟಲಿಯ ತಳ ಪೂರ್ತಿ ಹಳದಿಯಾಗಿತ್ತು. ಬೇರೇನೋ ಕಾಯಿಲೆಗೆಂದು ಅಡ್ಮಿಟ್ ಆದವರ ರಕ್ತದಲ್ಲಿ, ಆಸ್ಪತ್ರೆಗೆ ಬಂದ ಮೇಲೆ ಹೀಗೆ ಜೀವಿಗಳು ಸೇರಿಕೊಳ್ಳುತ್ತವೆ. ಅವು ಎಲ್ಲಿಯವು, ಯಾವ ದಾರಿ ಹಿಡಿದು ಬಂದವು ಎಂಬ ಪ್ರಶ್ನೆಯೇ ನನ್ನನ್ನು ಆಮೇಲೆ ಖಾನಾಪುರದ ರೈಲು ಹತ್ತಿಸಿತು.

ಅದಕ್ಕೂ ಮೊದಲು ಅವರು ಹಿಂದಿನ ದಿನದ ಪ್ಲೇಟುಗಳನ್ನು ಹೊರತೆಗೆದರು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದ ಪ್ಲೇಟು ಗುಲಾಬಿ ಬಣ್ಣದ್ದು, ಒದ್ದೆಯಾಗಿ ಮಿನುಗುತ್ತಿತ್ತು. ಅವರು ಲೂಪಿನ ತುದಿ ತಾಗಿಸಿ ಮೇಲೆತ್ತಿದಾಗ ಬೆಲ್ಲದ ಎಳೆಪಾಕದ ಹಾಗೆ ಒಂದು ನೂಲು ಎದ್ದು ನಿಂತಿತು. ಆ ಲೋಳೆಯೇ ಅದರ ಕವಚ. ನಮ್ಮ ಬಿಳಿ ರಕ್ತಕಣಗಳಿಗೆ ಅದನ್ನು ಹಿಡಿದು ನುಂಗುವುದು ಸುಲಭವಲ್ಲ. ಪಕ್ಕದ ಪ್ಲೇಟಿನಲ್ಲಿ ಸ್ಯೂಡೊಮೊನಾಸ್. ಅಗಾರಿಗೆಲ್ಲ ನೀಲಿ ಬೆರೆತ ಹಸಿರು ಹರಡಿಕೊಂಡಿತ್ತು. "ಮೂಸಬ್ಯಾಡ್ರಿ, ದೂರದಿಂದನ ವಾಸನಿ ಬರ್ತೈತಿ," ಎಂದರು. ಹೌದು, ಹಣ್ಣಾದ ದ್ರಾಕ್ಷಿಯ ವಾಸನೆ. ಸಾವಿನ ದವಡೆಗೆ ದೂಡಬಲ್ಲ ಜೀವಿಯೊಂದು ಇಷ್ಟು ಚಂದದ ಬಣ್ಣ, ಇಷ್ಟು ಸಿಹಿ ವಾಸನೆ ಹೊತ್ತಿದ್ದನ್ನು ಕಂಡು ನಾನು ಮಾತಿಲ್ಲದೆ ನಿಂತೆ.

ಐಸಿಯುವನ್ನು ನಾವು ರೋಗಿಗಳ ಜಾಗ ಎಂದುಕೊಂಡಿದ್ದೇವೆ. ಬ್ಯಾಕ್ಟೀರಿಯಾಗಳ ಕಡೆಯಿಂದ ನೋಡಿದರೆ ಅಲ್ಲಿ ಒಣಭೂಮಿಯೂ ಇದೆ, ಜವುಗೂ ಇದೆ, ಹೊಳೆಯೂ ಇದೆ. ಮಂಚದ ಕಂಬಿ, ಮಾನಿಟರಿನ ಗುಂಡಿ ಒಣಭೂಮಿ. ಹನಿ ನೀರಿಲ್ಲದೆ ವಾರಗಟ್ಟಲೆ ಬದುಕಬಲ್ಲ ಅಸಿನೆಟೋಬ್ಯಾಕ್ಟರ್ ಅಲ್ಲಿ ಕಾಯುತ್ತದೆ. ಕೈತೊಳೆಯುವ ಸಿಂಕಿನ ಕೆಳಗಿನ ಬಾಗು ಪೈಪು ಜವುಗು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಹಸಿರಾಗಿ ಹೊಳೆಯುವ ಇ. ಕೋಲಿಯನ್ನು ಅಂಥ ಪೈಪಿಗೆ ಬಿಟ್ಟು ನೋಡಿದರು. ಪೋಷಕಾಂಶ ಸಿಕ್ಕ ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಪದರ ಕಟ್ಟಿಕೊಂಡು ದಿನಕ್ಕೆ ಸುಮಾರು 2.5 ಸೆಂಟಿಮೀಟರ್‌ನಂತೆ ಮೇಲೇರಿತು. ಜಾಲರಿಗೆ ತಲುಪಿದ ಮೇಲೆ ನಲ್ಲಿ ಬಿಟ್ಟಾಗಲೆಲ್ಲ ಸುತ್ತಲೂ ಸಿಡಿಯಿತು. ಕೈ ಶುದ್ಧ ಮಾಡಿಕೊಳ್ಳುವ ಜಾಗವೇ ಅದಕ್ಕೆ ಏಣಿ.

ಇನ್ನು ಹೊಳೆ ಎಂದರೆ ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್. ಔಷಧ, ಆಹಾರ ಎಲ್ಲವೂ ಅದರಲ್ಲಿ ಹರಿಯುತ್ತದೆ. ಚರ್ಮದ ಮೇಲೆ ಜೀವಮಾನವಿಡೀ ತಂಟೆಯಿಲ್ಲದೆ ಇರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಈ ಪ್ಲಾಸ್ಟಿಕ್ ಕೊಳವೆ ಸಿಕ್ಕರೆ ಅಂಟಿಕೊಂಡು ಊರು ಕಟ್ಟುತ್ತದೆ. ಕ್ಲೆಬ್ಸಿಯೆಲ್ಲಾದ್ದು ಬೇರೆ ದಾರಿ. ಅದು ಎಷ್ಟೋ ಸಲ ಮೊದಲು ರೋಗಿಯ ಕರುಳಿನಲ್ಲಿ ನೆಲೆಯೂರುತ್ತದೆ. ಆಂಟಿಬಯಾಟಿಕ್ಕು ಅಲ್ಲಿದ್ದ ಹಳೆಯ ಒಕ್ಕಲನ್ನೆಲ್ಲ ಎಬ್ಬಿಸಿದ ಮೇಲೆ, ಆ ಔಷಧಕ್ಕೆ ಬಗ್ಗದ ಇದು ಖಾಲಿ ಬಿದ್ದ ನೆಲವನ್ನೆಲ್ಲ ಆಕ್ರಮಿಸುತ್ತದೆ. ರಕ್ತಕ್ಕೆ ಇಳಿಯುವುದು ಆಮೇಲೆ. ಹೊರಗಿನಿಂದ ನುಗ್ಗಿದ ವೈರಿಯಂತೆ ಕಂಡದ್ದು ಎಷ್ಟೋ ವೇಳೆ ಆ ದೇಹದ ಒಳಗೇ ಬೀಡುಬಿಟ್ಟಿರುತ್ತದೆ.

ಖಾನಾಪುರದ ರೈಲು ದೇಸೂರು, ಇದಲಹೊಂಡ ದಾಟುವ ಹೊತ್ತಿಗೆ ಮೋಡ ಕವಿದಿತ್ತು. ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಕೆಂಪು ಮಣ್ಣಿನ ಊರು ಖಾನಾಪುರ. ಅಲ್ಲಿ ಮಳೆ ಹಿಡಿಯುವ ಮೊದಲೇ ಕೂರಿಗೆಯಿಂದ ಭತ್ತ ಬಿತ್ತುತ್ತಾರೆ. ಗದ್ದೆಯ ಬದುವಿನಲ್ಲಿ ನಿಂತು ಮೊಳಕೆಯ ಬುಡದ ಮಣ್ಣು ಕೈಗೆತ್ತಿಕೊಂಡಾಗ ಲ್ಯಾಬಿನ ಆ ಗುಲಾಬಿ ಪ್ಲೇಟು ಕಣ್ಣಮುಂದೆ ಬಂತು. ಕ್ಲೆಬ್ಸಿಯೆಲ್ಲಾ ಬಳಗದ ಹಲವು ತಳಿಗಳು ಮಣ್ಣಿನವು, ಬೇರಿನವು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವ ವಿದ್ಯೆ ಅವಕ್ಕೆ ಗೊತ್ತು. 1972ರಲ್ಲಿ ಇಂಗ್ಲೆಂಡಿನ ರೇ ಡಿಕ್ಸನ್ ಮತ್ತು ಜಾನ್ ಪೋಸ್ಟ್‌ಗೇಟ್ ಈ ವಿದ್ಯೆಯ ಜೀನುಗಳನ್ನು ಕ್ಲೆಬ್ಸಿಯೆಲ್ಲಾದಿಂದ ಇ. ಕೋಲಿಗೆ ದಾಟಿಸಿ ತೋರಿಸಿದರು. ಸಾರಜನಕ ಸ್ಥಿರೀಕರಣದ ಜೀನುಗಳ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಬಹುಪಾಲು ಶುರುವಾದದ್ದೇ ಈ ಬಳಗದಿಂದ. ಗೋವಿನಜೋಳದ ಗಿಡದೊಳಗೆ ಸಿಕ್ಕ ಒಂದು ತಳಿ ಗೋಧಿಗೂ ಸಾರಜನಕ ಒದಗಿಸಿದ್ದುಂಟು. ಒಂದೇ ಮನೆತನ: ಒಂದು ಕವಲು ಪೈರಿಗೆ ಉಣಿಸುತ್ತದೆ, ಇನ್ನೊಂದು ವೆಂಟಿಲೇಟರಿನಲ್ಲಿರುವವರ ರಕ್ತಕ್ಕೆ ಇಳಿಯುತ್ತದೆ.

ಜಾಂಬೋಟಿ ದಾಟಿದ ಮೇಲೆ ಕಾಡು ದಟ್ಟವಾಯಿತು, ಮಳೆ ಶುರುವಾಯಿತು. ಬಸ್ಸಿನ ಕಿಟಕಿಯಿಂದ ಮಣ್ಣಿನ ವಾಸನೆ ನುಗ್ಗಿ ಬಂತು. ಪಕ್ಕದಲ್ಲಿದ್ದ ಅಜ್ಜಿ ಉಸಿರೆಳೆದುಕೊಂಡು, "ಮಿರಗಾ ಕೂಡಿತು ನೋಡ್ ತಂಗಿ," ಎಂದು ಮೃಗಶಿರಾ ಮಳೆಯ ಮಾತೆತ್ತಿದರು. ಆ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಅದನ್ನು ತಯಾರಿಸುವವರಲ್ಲಿ ಮುಖ್ಯವಾದದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ಸ್ಪ್ರಿಂಗ್‌ಟೇಲ್ ಎಂಬ ಚಿಟಿಕೆ ಗಾತ್ರದ ಜೀವಿಗಳು ಈ ವಾಸನೆ ಹಿಡಿದು ಬಂದು ಆ ಬ್ಯಾಕ್ಟೀರಿಯಾವನ್ನು ಮೇಯುತ್ತವೆ, ಮೈಗೆ ಅಂಟಿದ ಬೀಜಕಣಗಳನ್ನು ಬೇರೆಡೆಗೆ ಸಾಗಿಸುತ್ತವೆ. ಅಂದರೆ ಅಜ್ಜಿಯ ಮುಖ ಅರಳಿಸಿದ್ದು ನೆಲದೊಳಗಿನ ಒಂದು ಕರೆ.

ಭೀಮಗಡದ ಕಾಡಿಗೆ ಜನ ಬಾವಲಿ ನೋಡಲು, ಹುಲಿಯ ಹೆಜ್ಜೆ ನೋಡಲು ಬರುತ್ತಾರೆ. ನಾನಂತೂ ಕಣಕುಂಬಿಯಲ್ಲಿ ಬಸ್ಸಿಳಿದು, ಬಗ್ಗಿ ಎಲೆಗೊಬ್ಬರ ಸರಿಸುತ್ತ ಕೂತೆ. ಕೊಳೆತ ಎಲೆಯ ಅಡಿಯಲ್ಲಿ ಸುಣ್ಣ ಸವರಿದಂಥ ಬಿಳಿ ಪುಡಿ, ಸಣ್ಣ ಎಳೆಗಳು. ನಮ್ಮ ಔಷಧ ಅಂಗಡಿಯ ಆಂಟಿಬಯಾಟಿಕ್‌ಗಳಲ್ಲಿ ದೊಡ್ಡ ಪಾಲು ಇಂಥ ಮಣ್ಣಿನಿಂದಲೇ ಬಂದದ್ದು. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಸ್ಟ್ರೆಪ್ಟೊಮೈಸಿಸ್‌ನದು. ಐಸಿಯುವಿನಲ್ಲಿ ಕೊನೆಯ ಆಸರೆಯಾದ ಕಾರ್ಬಪೆನೆಮ್ ಗುಂಪಿನ ಮೂಲ ಥಿಯೆನಾಮೈಸಿನ್. ಅದೂ 1970ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್‌ನ ಒಂದು ಜಾತಿಯಲ್ಲೇ ಸಿಕ್ಕಿತು. ಅದಕ್ಕೂ ಬಗ್ಗದಾಗ ಕೊಡುವ ಕೊಲಿಸ್ಟಿನ್ ಕೂಡ ಮಣ್ಣಿನ ಬ್ಯಾಕ್ಟೀರಿಯಾದ್ದು.

ಮಣ್ಣಿನಿಂದ ಬಂದ ಔಷಧಗಳ ಈ ಕಥೆಯಲ್ಲಿ ಬೆಳಗಾವಿಗೂ ಒಂದು ಪಾಲಿದೆ. 1949ರಲ್ಲಿ ಫಿಲಿಪೀನ್ಸಿನ ವೈದ್ಯ ಅಬೆಲಾರ್ಡೊ ಅಗಿಲಾರ್ ಕಳುಹಿಸಿದ ಇಲೊಯಿಲೊ ಎಂಬಲ್ಲಿನ ಮಣ್ಣಿನಿಂದ ಎರಿತ್ರೊಮೈಸಿನ್ ಬಂತು. ಅದನ್ನೇ ಮಾರ್ಪಡಿಸಿ 1980ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಅಜಿತ್ರೊಮೈಸಿನ್ ಮಾಡಿದರು. ಹೆರಿಗೆ ನೋವು ಶುರುವಾದ ಮೇಲೆ ಈ ಔಷಧದ ಒಂದೇ ಡೋಸ್, 2 ಗ್ರಾಂ, ಕೊಟ್ಟರೆ ಬಾಣಂತಿಯನ್ನು ನಂಜಿನಿಂದ ಉಳಿಸಬಹುದೇ ಎಂದು 7 ದೇಶಗಳಲ್ಲಿ ಪರೀಕ್ಷೆ ನಡೆಯಿತು. ಭಾರತದ ಎರಡು ಕೇಂದ್ರಗಳಲ್ಲಿ ಒಂದು ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜು. 29,278 ಹೆಂಗಸರು ಪಾಲ್ಗೊಂಡರು. 2023ರಲ್ಲಿ ಫಲಿತಾಂಶ ಬಂದಾಗ, ಸೆಪ್ಸಿಸ್‌ಗೆ ತುತ್ತಾದ ಅಥವಾ ತೀರಿಕೊಂಡ ತಾಯಂದಿರು ಮಾತ್ರೆ ಪಡೆದವರಲ್ಲಿ ಶೇ. 1.6, ಪಡೆಯದವರಲ್ಲಿ ಶೇ. 2.4. ಹಸುಗೂಸುಗಳಿಗೆ ಮಾತ್ರ ಇದರಿಂದ ಲಾಭ ಕಾಣಲಿಲ್ಲ. ಆದರೂ, ಎಲ್ಲಿಯದೋ ದ್ವೀಪದ ಮಣ್ಣು ನಮ್ಮೂರಿನ ಹೆರಿಗೆ ವಾರ್ಡನ್ನು ತಲುಪಿದ ದಾರಿ ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ.

ಔಷಧ ಹುಟ್ಟಿದ ಮಣ್ಣಿನಲ್ಲೇ ಅದನ್ನು ಮುರಿಯುವ ವಿದ್ಯೆಯೂ ಹುಟ್ಟಿದೆ. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಆಂಟಿಬಯಾಟಿಕ್ ನಿರೋಧದ ಜೀನುಗಳು ಸಿಕ್ಕಿದ್ದನ್ನು 2011ರಲ್ಲಿ ವರದಿ ಮಾಡಿದರು. ನಮ್ಮ ಕಾಲದ ಕೇಡೆಂದರೆ ವೇಗ. ಔಷಧ ಹೆಚ್ಚಿದಲ್ಲೆಲ್ಲ ಆ ಜೀನುಗಳು ಒಂದು ಜಾತಿಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ ಓಡುತ್ತಿವೆ. ಕಾರ್ಬಪೆನೆಮ್ಮನ್ನೇ ಕತ್ತರಿಸುವ ಎನ್‌ಡಿಎಂ ಜೀನು, ಅದೇ ವರ್ಷದ ಇನ್ನೊಂದು ವರದಿಯ ಪ್ರಕಾರ, ದೆಹಲಿಯ ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50ರ ಪೈಕಿ 2ರಲ್ಲಿ ಕಂಡಿತು.

ಹಾಗಾದರೆ ಗದ್ದೆಯ ಕ್ಲೆಬ್ಸಿಯೆಲ್ಲಾವೇ ವಾರ್ಡಿಗೆ ನಡೆದು ಬರುತ್ತಿದೆಯೇ? ಇಟಲಿಯ ಪಾವಿಯಾ ನಗರದಲ್ಲಿ ಆಸ್ಪತ್ರೆ, ಮನೆ, ಕೊಟ್ಟಿಗೆ, ಹೊಲ, ನೀರು ಎಲ್ಲ ಕಡೆಯಿಂದ 3,482 ತಳಿಗಳ ಜೀನೋಮ್ ಓದಿ 2022ರಲ್ಲಿ ಪ್ರಕಟಿಸಿದರು. ಹೊರಗಿನಿಂದ ಆಸ್ಪತ್ರೆಗೆ ದಾಟಿದ್ದು ಬಹಳ ಕಡಿಮೆ. ಆಸ್ಪತ್ರೆಯ ತಳಿಗಳು ಹೆಚ್ಚಾಗಿ ಮನುಷ್ಯನಿಂದ ಮನುಷ್ಯನಿಗೇ ಹೋಗಿದ್ದವು. ಇದನ್ನು ಓದಿದ ಮೇಲೆ ನನಗೆ ಕಾಡಿನ ಮೇಲೆ ಯಾವ ಅನುಮಾನವೂ ಉಳಿದಿಲ್ಲ. ವಾರ್ಡಿನ ತಳಿಯನ್ನು ಸಾಕಿ ಬೆಳೆಸುತ್ತಿರುವುದು ವಾರ್ಡೇ. ಹಾಗಿರುವುದರಿಂದಲೇ ಅದನ್ನು ತಡೆಯಲೂ ಆಗುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ಪೀಟರ್ ಪ್ರೊನೊವೋಸ್ಟ್ ತಂಡ ಕೈ ತೊಳೆಯುವುದು, ಲೈನ್ ಹಾಕುವಾಗ ರೋಗಿಯ ಮೈಪೂರ್ತಿ ಹೊದಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ತೊಡೆಸಂದಿಯ ನಾಳವನ್ನು ಆದಷ್ಟು ಬಿಡುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು, ಇಷ್ಟನ್ನೇ ಹಟ ಹಿಡಿದು ಮಾಡಿಸಿತು. ಲೈನಿನಿಂದ ಬರುವ ರಕ್ತದ ಸೋಂಕು ಶೇ. 66ರವರೆಗೆ ಇಳಿಯಿತು.

ಪಾವಿಯಾದಲ್ಲಿ ಮಾಡಿದಂತೆ ನಮ್ಮ ನೀರನ್ನೂ ಓದಿಸಬೇಕೆಂಬುದು ನನ್ನ ದೊಡ್ಡ ಆಸೆ. ಇಲ್ಲಿಯ ಭೂಗೋಳವೇ ಅದಕ್ಕೆ ಅನುಕೂಲವಾಗಿದೆ. ಮಲಪ್ರಭೆ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ ಖಾನಾಪುರದ ಗದ್ದೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಬೆಳಗಾವಿ ನಗರದ ಕೊಳೆ ಹೊತ್ತ ಬಳ್ಳಾರಿ ನಾಲಾ ಮಾರ್ಕಂಡೇಯದ ಮೂಲಕ ಘಟಪ್ರಭೆಗೆ, ಅಲ್ಲಿಂದ ಅದೇ ಕೃಷ್ಣೆಗೆ ಹೋಗುತ್ತದೆ. ಒಂದು ಕಾಡಿನ ನೀರು, ಒಂದು ಊರಿನ ನೀರು. ಕಣಕುಂಬಿಯ ಮಾವುಲಿ ಗುಡಿಯ ಹೊಂಡದಿಂದ ಒಂದು ಸೀಸೆ, ಮಲಪ್ರಭೆಯ ದಾರಿಯಲ್ಲಿರುವ ಅಸೋಗಾದ ಬಂಡೆಗಳ ನಡುವಿನಿಂದ ಒಂದು, ನಾಲಾ ಊರು ಬಿಡುವಲ್ಲಿ ಒಂದು, ಜೊತೆಗೆ ವಾರ್ಡಿನ ಸಿಂಕಿನಡಿಯಿಂದ ಒಂದು. ಇವನ್ನು ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ತೆಗೆದು ಕೂಡಿಸಿ ಓದಿದರೆ, ಯಾವ ತಳಿ ಎಲ್ಲಿಯದು, ಯಾವ ಜೀನು ಯಾವ ನೀರಿನಲ್ಲಿ ತೇಲುತ್ತಿದೆ ಎಂಬುದು ತಿಳಿಯುತ್ತದೆ.