ತುಂಗಭದ್ರೆಯ ದಡದಲ್ಲಿ ಒಂದು ಚಳಿಯ ಬೆಳಗು



ಹಂಪಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಕಲ್ಲಿನ ರಥ, ಕಮಲ ಮಹಲು ಬಂದು ನಿಲ್ಲುತ್ತವೆ. ಶಾಲಾ ಪ್ರವಾಸಕ್ಕೆ ಹೋದಾಗ ನಾನೂ ಮಕ್ಕಳಿಗೆ ಅವನ್ನೇ ತೋರಿಸಿದ್ದೇನೆ. ಪಕ್ಕದಲ್ಲೇ ಹರಿಯುವ ತುಂಗಭದ್ರೆಯನ್ನು ನಂಬಿ ಒಲೆ ಉರಿಸುವ ಮನೆಗಳಿವೆ ಎಂಬುದು ನನಗೆ ಮನವರಿಕೆಯಾದದ್ದು ಕಂಪ್ಲಿಯಲ್ಲಿ.

ಹಂಪಿಯನ್ನು ದಾಟಿ ಹೊಳೆ ಕೆಳಗೆ ಹರಿದಂತೆ ಕಂಪ್ಲಿ ಸಿಗುತ್ತದೆ. ನನ್ನ ಅಕ್ಕನ ಗಂಡನ ಮನೆ ಅಲ್ಲಿದೆ. ನಾನು ಹೋದದ್ದು ಫೆಬ್ರವರಿಯಲ್ಲಿ. ಸಂಕ್ರಾಂತಿ ಕಳೆದು ಬಿಸಿಲು ಏರತೊಡಗಿದ ಮೇಲೆ, ಹೋದ ಚಳಿ ಏನೋ ಮರೆತು ಬಂದಂತೆ ಮತ್ತೆ ಮರಳಿತ್ತು. ಫಜ್ರ್ ನಮಾಝ್ ಮುಗಿಸಿ, ಶಾಲು ಹೊದ್ದು, ಮೀನು ತರಲೆಂದು ಅಕ್ಕ ಭಾವನ ಜೊತೆ ಹೊಳೆಗೆ ಹೊರಟೆ.

ಮಂಜಿನಲ್ಲಿ ಒಂದು ಹರಿಗೋಲು ದಡಕ್ಕೆ ಬಂತು. ಬಿದಿರಿನ ದುಂಡು ಬುಟ್ಟಿಯಂಥ ದೋಣಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂಥದ್ದನ್ನೇ ಕಂಡು ಬರೆದಿದ್ದಾನೆ. ಆಗ ಹೊರಗೆ ಚರ್ಮದ ಹೊದಿಕೆ ಇತ್ತು, ಈಗ ಪ್ಲಾಸ್ಟಿಕ್ ಹಾಳೆ. ಇಳಿದ ಮುದುಕರ ಬಲೆಯಲ್ಲಿ ಬೆರಳುದ್ದದ ನಾಲ್ಕು ಮೀನು. ದಡದಲ್ಲಿ ಅವರ ಹೆಂಡತಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಸಂತೆಗೆ ಹೋಗುವವರು ಆಕೆಯೇ, ಮನೆಯ ಲೆಕ್ಕ ಇಡುವವರೂ ಆಕೆಯೇ.

"ನೀರು ತಣ್ಣಗಾಗೈತ್ರೀ ಟೀಚರಮ್ಮ. ಮೀನು ಮಡುವಿನ ತಳಾ ಹಿಡಿದಾವ, ಬಾಯಿ ತೆಗಿಯಂಗಿಲ್ಲ" ಎಂದರು ಮುದುಕರು.

ಅವರ ಮಾತಿನಲ್ಲಿ ವಿಜ್ಞಾನವಿದೆ. ಮೀನಿಗೆ ನಮ್ಮಂತೆ ಸ್ವಂತ ಮೈಬಿಸಿ ಇಲ್ಲ. ನೀರು ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ, ತಿಂದದ್ದು ಅರಗುವುದು ನಿಧಾನ, ಹಸಿವೂ ಕಡಿಮೆ. ಓಡಾಟವೇ ಇಲ್ಲದ ಮೇಲೆ ಬಲೆಗೆ ಬೀಳುವುದೆಲ್ಲಿ? ಬಂಡೆ ಕಾದು ದಡದ ತೆಳು ನೀರು ಬೆಚ್ಚಗಾದರೆ ಮೊದಲು ಚಿಕ್ಕ ಮೀನು ಬರುತ್ತವೆ, ಅವನ್ನು ತಿನ್ನಲು ಬಾಳೆಮೀನು ಬರುತ್ತದೆ. ಅದಕ್ಕೆ ಹತ್ತು ಗಂಟೆಯಾದರೂ ಆಗಬೇಕು. ನಾವೂ ಕಾದೆವು.

ಐದು ದಿನದಿಂದ ಹೀಗೇ ಎಂದು ಆಕೆ ಹೇಳಿದರು. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತಿತ್ತು. ಹತ್ತಿರ ನಿಂತಿದ್ದ ಮೊಮ್ಮಗ, "ಸಿಡಿಮದ್ದು ಹಾಕಿದ್ರ ಒಂದ ಏಟಿಗೆ ಬುಟ್ಟಿ ತುಂಬತೈತಿ" ಎಂದುಬಿಟ್ಟ. ಮುದುಕರು ಮಾತಾಡಲಿಲ್ಲ, ಎಡಗೈ ಎತ್ತಿ ತೋರಿಸಿದರು. ಎರಡು ಬೆರಳಿರಲಿಲ್ಲ. ಹರೆಯದಲ್ಲಿ ಅವರೂ ಆ ಕೆಲಸ ಮಾಡಿದ್ದರಂತೆ. "ಆವತ್ತೇ ನಾ ಹೇಳಿದ್ದೆ, ಅಂಥಾ ಮೀನು ನನ್ನ ಬುಟ್ಟಿಗೆ ಬ್ಯಾಡ ಅಂತ" ಎಂದರು ಆಕೆ.

1897ರ ಮೀನುಗಾರಿಕೆ ಕಾಯಿದೆಯೇ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದೆ. ಸಿಡಿತಕ್ಕೆ ದೊಡ್ಡ ಮೀನಿನ ಜೊತೆ ಮರಿಗಳೂ ಸಾಯುತ್ತವೆ. ನೀರುನಾಯಿಗೂ ಉಳಿವಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ಸರಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ಅವು ಬಲೆ ಹರಿಯುವುದಿಲ್ಲವೇ ಎಂದು ಕೇಳಿದೆ. "ಹರಿತಾವ್ರೀ. ಅದಕ್ಕೂ ಹೊಟ್ಟಿ ಐತಲ್ಲ" ಎಂದು ಮುದುಕರು ನಕ್ಕರು.

ಹನ್ನೊಂದರ ಹೊತ್ತಿಗೆ ಎರಡು ಬಾಳೆಮೀನು ಸಿಕ್ಕವು. ಒಂದನ್ನು ನಾವು ಕೊಂಡೆವು. ಭಾವ ಚೌಕಾಸಿಗೆ ಬಾಯಿ ತೆರೆದರು, ಅಕ್ಕ ಕಣ್ಣಲ್ಲೇ ತಡೆದಳು. ಮನೆಗೆ ಬಂದು ತೊಳೆಯುವಾಗ ಅವಳಿಗೆ ಅನುಮಾನ: "ಇದಕ್ಕೆ ಚಿಪ್ಪೇ ಇಲ್ಲ, ತಿನ್ನಬಹುದಾ?" ನಿಮ್ಮಲ್ಲೂ ಕೆಲವರು ಇದನ್ನು ಕೇಳುವುದುಂಟು. ಹನಫಿ, ಶಾಫಿಈ ಎರಡೂ ಮದ್‌ಹಬ್‌ಗಳಲ್ಲಿ ಮೀನಿಗೆ ಚಿಪ್ಪಿರಬೇಕೆಂಬ ಷರತ್ತಿಲ್ಲ, ಝಬಹ್ ಕೂಡ ಬೇಕಿಲ್ಲ. ಹುಣಸೆಹುಳಿ ಹಾಕಿ ಸಾರು ಮಾಡಿದಳು.

ಸಂಜೆ ಸಂತೆಯ ದಾರಿಯಲ್ಲಿ ಆಕೆ ಮತ್ತೆ ಎದುರಾದರು. ಬುಟ್ಟಿ ಖಾಲಿಯಾಗಿತ್ತು. ಸೆರಗಿನ ಗಂಟು ಮುಟ್ಟಿ, "ಅಂಗಡಿಯವಂಗ ಅರ್ಧ ಕೊಟ್ಟೆ. ನಾಳೆ ಬಿಸಿಲು ಬಿದ್ರ ಉಳಿದದ್ದು" ಎಂದು ಹೇಳಿ ಬಿರಬಿರನೆ ನಡೆದರು.