ಸೀಮೆಸುಣ್ಣದ ಐದು ಮನೆಗಳು

ನಾನು ಮೇಷ್ಟ್ರಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಬಂದ ಕಾಲಕ್ಕೆ ಒಂದನೇ ತರಗತಿ ಎಂದರೆ ಅಆಇಈ ತಿದ್ದುವುದು, ಎರಡನೇ ತರಗತಿ ಎಂದರೆ ಕಾಗುಣಿತ, ಉಕ್ತಲೇಖನ. ವಾಕ್ಯದ ಸರದಿ ಬರುತ್ತಿದ್ದುದು ಅದಾದ ಮೇಲೆ, ಅದೂ ಕರಿಹಲಗೆ ನೋಡಿಕೊಂಡು ಬರೆಯುವುದು. ‘ಹಸು ಒಂದು ಸಾಕುಪ್ರಾಣಿ’ ಎಂದು ಇಡೀ ತರಗತಿ ತಪ್ಪಿಲ್ಲದೆ ಬರೆಯುತ್ತಿತ್ತು. ನಿಮ್ಮ ಮನೆ ಹಸು ಇವತ್ತು ಎಷ್ಟು ಹಾಲು ಕೊಟ್ಟಿತು ಎಂದು ಕೇಳಿದರೆ ಮಕ್ಕಳದು ಮುಗಿಯದ ಮಾತು. ಅದನ್ನೇ ಬರೆಯಿರಿ ಎಂದರೆ ಸ್ಲೇಟಿನ ಮೇಲೆ ‘ಹಾಲು’ ಎಂಬ ಒಂಟಿ ಪದ.

1995ರಲ್ಲಿ ನಮ್ಮ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯಲ್ಲಿ ಹಳ್ಳಿಶಾಲೆಗಳಿಗೆಂದು ರೂಪಿಸಿದ್ದ ಕಾರ್ಡುಗಳ ಕ್ರಮವನ್ನು ಇಲ್ಲಿನ ಶಿಕ್ಷಕರು ಹೋಗಿ ನೋಡಿಕೊಂಡು ಬಂದಿದ್ದರು. ಯುನಿಸೆಫ್ ನೆರವು ಸಿಕ್ಕಿತ್ತು. ಕಲಿಕೆಯ ಹಂತಗಳನ್ನು ತೋರಿಸುವ ‘ಕಲಿಕಾ ಏಣಿ’ ಗೋಡೆ ಹತ್ತಿತು, ಮಕ್ಕಳು ಬರೆದದ್ದನ್ನು ನೇತುಹಾಕುವ ದಾರದ ಚಪ್ಪರ ತಲೆಯ ಮೇಲೆ ಬಂತು. ಅಕ್ಷರಗಳ ಸಾಲೇ ಬದಲಾಯಿತು: ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಗರಗಸ ಎಲ್ಲ ಆಗುತ್ತದೆ. ಐವತ್ತು ಅಕ್ಷರ ಮುಗಿಯುವ ತನಕ ಮಗು ಕಾಯಬೇಕಿಲ್ಲ. ಊರಿನ ಹಿರಿಯರು ಮಾತ್ರ ‘ಅಆಇಈ ಬುಟ್ಟು ಇದೇನ್ ಸಾ ರಗಸ’ ಎಂದು ಗೊಣಗಿದರು.

ಪದ ಬಂತು, ವಾಕ್ಯ ಬರಲಿಲ್ಲ. ಅದಕ್ಕೆ ನಾವು ಕೆಲವರು ಶಿಕ್ಷಕರು ಸೇರಿ ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಹಾಗೆ ಮನೆ ಬರೆದೆವು. ಯಾರು? ಯಾವಾಗ? ಎಲ್ಲಿ? ಏನನ್ನು? ಏನು ಮಾಡಿದರು? ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆಗಳ ಹಿಂಬದಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಪದ ಬರೆದುಕೊಟ್ಟರೆ, ಮಕ್ಕಳು ಅದನ್ನು ಹಿಡಿದು ತಮ್ಮ ತಮ್ಮ ಮನೆಯಲ್ಲಿ ನಿಲ್ಲಬೇಕು. ಉಳಿದವರು ಎಡದಿಂದ ಬಲಕ್ಕೆ ಓದಬೇಕು. ‘ಅಪ್ಪ ನಿನ್ನೆ ಹೊಲ ಹತ್ತಿ ಬಿಡಿಸಿದರು’ ಎಂದು ಓದಿದ ಕೂಡಲೇ ಯಾರೋ ಒಬ್ಬಳು ‘ಹೊಲದಲ್ಲಿ ಸಾ’ ಎಂದು ಕೂಗುವಳು. ‘ದಲ್ಲಿ’ ಎಂಬ ಚಿಕ್ಕ ಚೀಟಿಯನ್ನು ‘ಹೊಲ’ಕ್ಕೆ ಅಂಟಿಸುವುದು ಅವಳದೇ ಕೆಲಸ. ಸಪ್ತಮೀ ವಿಭಕ್ತಿ ಎಂಬ ಹೆಸರನ್ನು ನಾನು ಹೇಳಲೇ ಇಲ್ಲ, ಅದಕ್ಕೆ ಹೈಸ್ಕೂಲಿದೆ. ‘ಹತ್ತಿಯನ್ನು’ ಎಂದು ಯಾರೂ ಕೂಗಲಿಲ್ಲ. ಹತ್ತಿ ಬಿಡಿಸುವ ಊರಲ್ಲಿ ಹಾಗೆ ಯಾರು ಮಾತಾಡುತ್ತಾರೆ?

ಕೊನೆಯ ಮನೆಗೆ ಬಣ್ಣ ಬೇಕಾಯಿತು. ಹುಡುಗ ಬಂದನು, ಹುಡುಗಿ ಬಂದಳು, ಕರು ಬಂದಿತು, ಮಕ್ಕಳು ಬಂದರು: ಮೊದಲನೇ ಮನೆಯಲ್ಲಿ ನಿಂತವರು ಯಾರು ಎಂಬುದರ ಮೇಲೆ ಕೊನೆಯ ಮನೆಯ ಬಾಲ ಬದಲಾಗುತ್ತದೆ. ‘ಹುಡುಗಿ’ ಕೆಂಪು ಚೀಟಿಯಾದರೆ ‘ಬಂದಳು’ ಕೂಡ ಕೆಂಪು. ಬಣ್ಣ ಕೂಡದಿದ್ದರೆ ಮಕ್ಕಳೇ ಜಗಳಕ್ಕೆ ನಿಲ್ಲುತ್ತಿದ್ದರು. ‘ಅಜ್ಜಿ ಬಂತು’ ಎನ್ನುವ ಸೀಮೆ ನಮ್ಮದು. ಮಾತಿನಲ್ಲಿ ಅದು ಇರಲಿ, ಬರಹದಲ್ಲಿ ‘ಬಂದರು’ ಹಾಕೋಣ ಎಂದು ಒಪ್ಪಂದ ಮಾಡಿಕೊಂಡೆವು.

ಕಾಡಂಚಿನ ಊರಿನ ಒಬ್ಬ ಹುಡುಗ ಒಂದು ಬೆಳಿಗ್ಗೆ ಚೀಟಿಗಳನ್ನು ಕೈಯಲ್ಲಿ ಹಿಡಿಯದೆ ತಾನೇ ಸ್ಲೇಟಿನಲ್ಲಿ ಗೆರೆ ಎಳೆದುಕೊಂಡು ‘ಆನೆ ನಿನ್ನೆ ರಾತ್ರಿ ಹೊಲದಲ್ಲಿ ರಾಗಿ ತಿಂದಿತು’ ಎಂದು ಬರೆದ. ಬರೆದು ನನ್ನ ಹತ್ತಿರ ಬಂದು, ‘ಸಾ, ನಮ್ಮಪ್ಪ ತಮಟೆ ಹೊಡೆದ್ರು, ಅದ್ನ ಯಾವ ಮನೇಲಿ ಹಾಕ್ಲಿ?’ ಎಂದ. ಇರುವ ಮನೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆಳಗೆ ಇನ್ನೊಂದು ಸಾಲು ಎಳೆದು ಕೊಟ್ಟೆ, ಎರಡು ಸಾಲಿನ ನಡುವೆ ‘ಅದಕ್ಕೆ’ ಎಂಬ ಚೀಟಿ ಇಟ್ಟೆ. ಅವನು ಅದನ್ನು ನೋಡಿ, ಆನೆ ವಾಪಸು ಹೋದ ಮೂರನೇ ಸಾಲನ್ನು ನನ್ನನ್ನು ಕೇಳದೆ ಎಳೆದ. ನನ್ನ ಮಟ್ಟಿಗೆ ಬರವಣಿಗೆ ಎಂಬುದು ಅಲ್ಲಿ ಶುರುವಾಗುತ್ತದೆ. ಒಂದು ವಾಕ್ಯ ಪೂರ್ತಿಯಾದ ಮೇಲೆ ‘ಆಮೇಲೆ?’ ಎಂಬ ಪ್ರಶ್ನೆ ತಾನಾಗಿ ಹುಟ್ಟಬೇಕು.

2009-10ರಿಂದ ನಲಿ-ಕಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು; ಮೊದಲು ಒಂದು, ಎರಡನೇ ತರಗತಿ, ಆಮೇಲೆ ಮೂರನೆಯದು. ಕಾರ್ಡುಗಳು ಮುದ್ರಣವಾಗಿ, ಅಂದವಾಗಿ, ಒಂದೇ ಅಳತೆಯಲ್ಲಿ ಬಂದವು. ಕತ್ತರಿ ಹಿಡಿದು ಕೂರುವ ಕೆಲಸ ತಪ್ಪಿತು, ಅದರ ಜೊತೆಗೆ ನಮ್ಮ ಹೊಲದ ಹತ್ತಿಯೂ ಆನೆಯೂ ಚೀಟಿಯಿಂದ ಜಾರಿಹೋದವು. ತಪಾಸಣೆಗೆ ಬಂದವರೊಬ್ಬರು ‘ಇವಳು ನನ್ನ ತಂಗಿ’ ಎಂದು ಬರೆದಿದ್ದ ಹಾಳೆ ಎತ್ತಿ, ‘ಕೊನೇ ಮನೆ ಖಾಲಿ ಇದೆಯಲ್ಲ, ಕ್ರಿಯಾಪದ ಎಲ್ಲಿ?’ ಎಂದರು. ಕನ್ನಡದಲ್ಲಿ ಅದು ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯ. ‘ಬಂದೆ’ ಎಂದರೂ ಪೂರ್ಣವೇ, ‘ಯಾರು’ ಎಂಬ ಮನೆ ಖಾಲಿಯಿದ್ದರೂ. ಮನೆ ತುಂಬಿಸುವುದೇ ಗುರಿಯಾದರೆ ಭಾಷೆ ಕೈಬಿಟ್ಟಂತೆ. ಕಟ್ಟಡ ಎದ್ದ ಮೇಲೆ ಸಾರುವೆ ಬಿಚ್ಚುವ ಹಾಗೆ ನಾವು ಈ ಗೆರೆಗಳನ್ನು ಒಂದೊಂದಾಗಿ ಅಳಿಸುತ್ತಿದ್ದೆವು. ಮೊದಲು ‘ಯಾವಾಗ’, ಆಮೇಲೆ ‘ಎಲ್ಲಿ’. ಎಷ್ಟೋ ಶಾಲೆಗಳಲ್ಲಿ ಅವು ಈಗ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ಕಾಯಂ ಆಗಿವೆ.

ನಿವೃತ್ತನಾದ ಮೇಲೆ ಮೊಮ್ಮಗಳ ಶಾಲೆಯಿಂದ ಬಂದ ಕನ್ನಡದ ಹಾಳೆ ನೋಡಿದೆ. ಬಣ್ಣದ ಚಿತ್ರ, ನಾಲ್ಕು ಚೌಕ: ಯಾರು, ಏನು ಮಾಡಿದರು, ಎಲ್ಲಿ, ಯಾವಾಗ. ಇಂಗ್ಲಿಷ್ ಹಾಳೆಯನ್ನು ಯಾರೋ ಇದ್ದ ಹಾಗೇ ಇಳಿಸಿದ್ದರು. ಮಗು ಚೌಕದ ಸಾಲನ್ನೇ ನಂಬಿ ‘ಹುಡುಗ ಓಡಿದನು ಬಯಲಿನಲ್ಲಿ ಬೆಳಿಗ್ಗೆ’ ಎಂದು ಬರೆದು ‘ಗುಡ್’ ತಂದಿತ್ತು. ಚಿಕ್ಕ ಮಕ್ಕಳಿಗೆ ಪಾಠ ಮಾಡುವವರಲ್ಲಿ ನನ್ನದೊಂದೇ ಕೋರಿಕೆ. ಅಂಥ ಹಾಳೆ ಕೈಗೆ ಬಂದರೆ ‘ಏನು ಮಾಡಿದರು’ ಎಂಬ ಚೌಕವನ್ನು ಕತ್ತರಿಸಿ ಕೊನೆಗೆ ಅಂಟಿಸಿ, ಆಮೇಲೆ ಮಕ್ಕಳಿಗೆ ಕೊಡಿ.